ಕತ್ತು ತಾನಾಗಿ ತಿರುಗಿದರೆ



ನಂಜನಗೂಡು ಕಡೆಯ ಒಂದು ಸಂಘದ ಸಭೆಗೆ ನಾವು ಹೋದಾಗ ಅಕ್ಕ ಒಬ್ಬರು ಗಲ್ಲಕ್ಕೆ ಕೈ ಕೊಟ್ಟೇ ಕೂತಿದ್ದರು. ಕೈ ತೆಗೆದರೆ ಕತ್ತು ಎಡಕ್ಕೆ ಎಳೆಯುತ್ತಿತ್ತು. "ನಾಟಕ ಆಡ್ತಾಳೆ, ಮಲಗಿದಾಗ ಸರಿ ಇರ್ತದಲ್ಲ" ಅಂತಿದ್ದರಂತೆ ಮನೆಯವರು. ತಾಯಿತ, ಮಂತ್ರ ಅಂತ ಸಂಘದ ಸಾಲವೂ ಬೆಳೆದಿತ್ತು. ನಂಜುಂಡನಿಗೆ ಹರಕೆ ಹೊರುವುದನ್ನು ನಾವು ಬೇಡ ಅನ್ನುವುದಿಲ್ಲ. ಆದರೆ ಡಾಕ್ಟರ ಹತ್ತಿರವೂ ಹೋಗಬೇಕು.

ಇದು ಗಾಳಿ ಸೋಕಿದ್ದಲ್ಲ. ಮಿದುಳು ಕತ್ತಿನ ಸ್ನಾಯುಗಳಿಗೆ ತಪ್ಪು ಆಜ್ಞೆ ಕಳಿಸುತ್ತದೆ. ಸರ್ವೈಕಲ್ ಡಿಸ್ಟೋನಿಯಾ ಅಂತ ಹೆಸರು. ಗಲ್ಲ ಮುಟ್ಟಿದರೆ ತುಸು ನೇರವಾಗುವುದು, ನಿದ್ದೆಯಲ್ಲಿ ಕಡಿಮೆಯಾಗುವುದು ಈ ಕಾಯಿಲೆಯ ಗುರುತೇ ಹೊರತು ನಾಟಕವಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಕತ್ತು ಇದ್ದಕ್ಕಿದ್ದಂತೆ ತಿರುಚಿಕೊಂಡರೆ ಮೊದಲು ಕೇಳಿ: ಈ ನಾಲ್ಕೈದು ದಿನದಲ್ಲಿ ಯಾವ ಮಾತ್ರೆ, ಇಂಜೆಕ್ಷನ್ ಆಯ್ತು? ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಕೆಲವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಕತ್ತು, ದವಡೆ, ಕಣ್ಣುಗುಡ್ಡೆ ಎಳೆದುಬಿಡುತ್ತವೆ. ಮಾತ್ರೆಯ ಪಟ್ಟಿ ಹಿಡಿದು ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪ್ರೊಮೆಥಜೀನ್‌ನಂಥ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಿಬಿಡಬೇಡಿ, ಡಾಕ್ಟರು ಬದಲಾಯಿಸಿ ಕೊಡುತ್ತಾರೆ.

ಅಕ್ಕನದು ನಿಧಾನಕ್ಕೆ ಬಂದ ಬಗೆ. ಅದಕ್ಕೆ ಮುಖ್ಯ ಮದ್ದು ಬೊಟುಲಿನಂ ಇಂಜೆಕ್ಷನ್. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಕ್ರಿಮಿಯ ವಿಷವನ್ನೇ ಶುದ್ಧ ಮಾಡಿ, ಅತಿ ಸಣ್ಣ ಪ್ರಮಾಣದಲ್ಲಿ ಎಳೆಯುವ ಸ್ನಾಯುವಿಗೇ ಚುಚ್ಚುತ್ತಾರೆ. ಒಂದೆರಡು ವಾರದಲ್ಲಿ ಬಿಗಿತ ಸಡಿಲವಾಗುತ್ತದೆ. ಸುಮಾರು 3 ತಿಂಗಳಿಗೆ ಗುಣ ಇಳಿದು ಮತ್ತೆ ಹಾಕಿಸಬೇಕಾಗುತ್ತದೆ. ರೋಗ ಬೇರು ಸಮೇತ ಹೋಗುವುದಿಲ್ಲ, ಇದನ್ನು ಮುಚ್ಚಿಡಬಾರದು. ಕೆಲವರಿಗೆ ನುಂಗಲು ಕಷ್ಟ, ಕತ್ತು ನಿಲ್ಲದಿರುವುದು ಆಗಬಹುದು. ಆಗ ತಡಮಾಡದೆ ತೋರಿಸಿ. ಬಸುರಿ, ಬಾಣಂತಿಯರು ಮೊದಲೇ ಹೇಳಬೇಕು.

"ಮಾತ್ರೆ ಸಾಕಾಗಲ್ವಾ ಸಿಸ್ಟರ್?" ಅಂತ ಟಿ. ನರಸೀಪುರದವರು ಕೇಳಿದ್ದರು. ಟ್ರೈಹೆಕ್ಸಿಫೆನಿಡಿಲ್, ಬ್ಯಾಕ್ಲೊಫೆನ್, ಕ್ಲೊನಾಜೆಪಾಮ್ ಇವೆ, ಅಗ್ಗವೂ ಹೌದು. ಗುಣ ಇಂಜೆಕ್ಷನ್‌ನಷ್ಟಿಲ್ಲ. ಮೊದಲನೆಯದಕ್ಕೆ ಬಾಯಿ ಒಣಗುತ್ತದೆ, ವಯಸ್ಸಾದವರಿಗೆ ಮರೆವು, ಗಲಿಬಿಲಿ. ಉಳಿದೆರಡನ್ನು ತಟಕ್ಕನೆ ಬಿಟ್ಟರೆ ಫಿಟ್ಸ್ ಬರಬಹುದು.

ಅಕ್ಕ ಮೈಸೂರಿನಲ್ಲಿ ತೋರಿಸಿ, ಚೀಟಿ ಪಡೆದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. ಇಂಜೆಕ್ಷನ್ ದುಬಾರಿ. ಬಿಪಿಎಲ್ ಕಾರ್ಡ್ ಒಯ್ದು, ರಿಯಾಯಿತಿ ಎಷ್ಟು ಅಂತ ಮುಂಚೆಯೇ ವಿಚಾರಿಸಿ. ಈ ಸಲ ಸಂಘದ ಸಾಲ ಬಸ್ ಚಾರ್ಜಿಗೆ ಹೋಯಿತು. ಕತ್ತು ಪೂರ್ತಿ ನೆಟ್ಟಗಾಗಿಲ್ಲ, ಆದರೆ ಎರಡೂ ಕೈ ಬಿಡುವಾಗಿವೆ. ಸಂಘದ ಲೆಕ್ಕದ ಪುಸ್ತಕ ಈಗ ಅವರೇ ಬರೀತಾರೆ.