ಚಲಾವಣೆಗೆ ಬಾರದ ನಾಣ್ಯಕ್ಕೆ ಬೆಲೆ ಕಟ್ಟುವುದು ಹೇಗೆ?

ಅಜ್ಜಿಯ ಟ್ರಂಕಿನಲ್ಲೋ ದೇವರ ಕೋಣೆಯ ಡಬ್ಬಿಯಲ್ಲೋ ಸಿಕ್ಕ ವಿಚಿತ್ರ ನಾಣ್ಯದ ಫೋಟೊ ಈಗ ಮೊದಲು ಹೋಗುವುದು ವಾಟ್ಸ್‌ಆ್ಯಪ್ ಗುಂಪಿಗೆ. ಅಲ್ಲಿ ಯಾರಾದರೊಬ್ಬರು ‘ಇದು ಪ್ಯಾಟರ್ನ್ ಇರಬಹುದು ಮಾರಾಯ್ರೆ, ಲಕ್ಷಗಟ್ಟಲೆ ಬಾಳುತ್ತದೆ’ ಎಂದುಬಿಟ್ಟರೆ ಮುಗಿಯಿತು, ಮನೆಯವರ ನಿದ್ದೆ ಹಾರಿತು. ಕಾರ್ಕಳ, ಉಡುಪಿ ಕಡೆಯ ಹಳೆ ಮನೆಗಳಲ್ಲಿ ನಾಣ್ಯಗಳಿಗೇನೂ ಬರವಿಲ್ಲ. ಮುಂಬೈಯ ಹೋಟೆಲುಗಳಿಂದ, ಗಲ್ಫ್‌ನಿಂದ ಬಂದ ಪೆಟ್ಟಿಗೆಗಳಲ್ಲಿ ನಾನಾ ದೇಶಗಳ ಚಿಲ್ಲರೆ ಕೂತಿದೆ. ಆದರೆ ಅದರಲ್ಲಿ ಪ್ಯಾಟರ್ನ್ ಇರುವ ಸಂಭವ ತೀರಾ ಕಡಿಮೆ. ಯಾಕೆ ಕಡಿಮೆ ಎಂದು ಗೊತ್ತಾದವರಿಗಷ್ಟೇ ನಿಜವಾದದ್ದು ಎದುರಿಗೆ ಬಂದಾಗ ಗುರುತು ಹತ್ತೀತು.

ಹೊಸ ನಾಣ್ಯ ತರುವ ಮೊದಲು ಟಂಕಸಾಲೆಯವರು ಒಂದೆರಡು ವಿನ್ಯಾಸಗಳಲ್ಲಿ, ಕೆಲವೊಮ್ಮೆ ಬೇರೆ ಬೇರೆ ಲೋಹಗಳಲ್ಲಿ ನಾಲ್ಕಾರು ಬಿಲ್ಲೆಗಳನ್ನು ಅಚ್ಚು ಹಾಕಿ ಸರ್ಕಾರದ ಮುಂದಿಡುತ್ತಾರೆ. ಒಪ್ಪಿಗೆಯಾದದ್ದು ಸಂತೆಗೆ ಬರುತ್ತದೆ, ಉಳಿದದ್ದು ಟಂಕಸಾಲೆಯ ಕಪಾಟಿಗೋ ಮ್ಯೂಸಿಯಮ್ಮಿಗೋ ಅಧಿಕಾರಿಯ ಮನೆಗೋ ಸೇರುತ್ತದೆ. ಇದೇ ಪ್ಯಾಟರ್ನ್, ಮಾದರಿ ನಾಣ್ಯ. ಅಚ್ಚು ಸರಿಯಾಗಿ ಕೂತಿದೆಯೇ ಎಂದು ನೋಡಲು ಹೊಡೆದದ್ದು ಟ್ರಯಲ್. ಒಪ್ಪಿತವಾದ ವಿನ್ಯಾಸವನ್ನೇ ಹೊಳಪಿಟ್ಟ ಅಚ್ಚಿನಿಂದ ನಾಜೂಕಾಗಿ ಹೊಡೆದದ್ದು ಪ್ರೂಫ್. ಹಳೆಯ ಅಚ್ಚನ್ನು ಮತ್ತೆ ಹೊರತೆಗೆದು ಸಂಗ್ರಹಕಾರರಿಗಾಗಿ ಹೊಡೆದದ್ದು ರೀಸ್ಟ್ರೈಕ್. ಕಲ್ಕತ್ತ, ಬೊಂಬಾಯಿ ಟಂಕಸಾಲೆಗಳು ಈ ಕೆಲಸವನ್ನು ಬಹಳ ಕಾಲ ಮಾಡಿವೆ. ಹಾಗಾಗಿ ಒಂದೇ ಮಾದರಿಗೆ ‘ಮೂಲ’ ಮತ್ತು ‘ಮರು ಅಚ್ಚು’ ಎಂಬ ಎರಡು ರೂಪ, ಎರಡು ಬೆಲೆ.

ಭಾರತದಲ್ಲಿ ಇಂಥವು ಹುಟ್ಟಿದ್ದು ಮುಖ್ಯವಾಗಿ ಯಂತ್ರದ ಟಂಕಸಾಲೆ ಬಂದಮೇಲೆ. 1835ರಲ್ಲಿ ಕಂಪನಿ ಸರ್ಕಾರ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಬಗೆಯ ರೂಪಾಯಿ ತಂದಿತು. ಅದಕ್ಕೆ ಮೊದಲು 1834ರ ಇಸವಿಯಿರುವ, ನಾಲ್ಕನೇ ವಿಲಿಯಂ ದೊರೆಯ ಮಾದರಿ ರೂಪಾಯಿಗಳು ತಯಾರಾಗಿದ್ದವು. ದೊರೆಯ ತಲೆ ತೆಗೆದು ಅಶೋಕನ ಸಿಂಹ ಕೂರಿಸಿದ ಗಣರಾಜ್ಯದ ನಾಣ್ಯಗಳು ಬಂದದ್ದು 1950ರ ಆಗಸ್ಟ್ 15ಕ್ಕೆ. ಅದರ ಹಿಂದೆ 1949ರ ಇಸವಿಯ ಮಾದರಿಗಳಿವೆ. ನಮ್ಮ ಬಾರಕೂರಿನ ಆಳುಪರ ಜೋಡಿ ಮೀನಿನ ಚಿನ್ನದ ನಾಣ್ಯವಾಗಲಿ, ಇಕ್ಕೇರಿ ವರಾಹವಾಗಲಿ, ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದಿರುವ ಮುಮ್ಮಡಿ ಕೃಷ್ಣರಾಜರ ಆನೆಯ ತಾಮ್ರದ ಕಾಸಾಗಲಿ ಕೈಯಲ್ಲಿ ಬಡಿದು ಮಾಡಿದವು. ಒಂದರಂತೆ ಇನ್ನೊಂದಿರುವುದಿಲ್ಲ. ಅಂಥದ್ದರಲ್ಲಿ ಸ್ವಲ್ಪ ಬೇರೆ ಕಂಡದ್ದನ್ನೆಲ್ಲ ‘ಪ್ಯಾಟರ್ನ್’ ಎಂದು ಮಾರುವವನಿಂದ ದೂರವಿರಿ.

ಮೊದಲು ಸಾದಾ ನಾಣ್ಯ ನೋಡಿ

ಮಾದರಿ ನಾಣ್ಯ ಗುರುತಿಸಬೇಕಾದರೆ ಚಲಾವಣೆಯದ್ದು ಬಾಯಿಪಾಠವಾಗಿರಬೇಕು. ಉಡುಪಿಯಲ್ಲಿ ಇದಕ್ಕೊಂದು ಒಳ್ಳೆಯ ಜಾಗವಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅವರ ಹಳೆಯ ಮನೆಯಲ್ಲೇ ಬ್ಯಾಂಕಿನವರು 2011ರಲ್ಲಿ ನಾಣ್ಯ ಸಂಗ್ರಹಾಲಯ ತೆರೆದರು. ಕ್ರಿಸ್ತಪೂರ್ವ ಕಾಲದಿಂದ ಈಚಿನವರೆಗಿನ ನಾಣ್ಯಗಳು ಅಲ್ಲಿ ಸಾಲಾಗಿವೆ. ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿದೆ, ಹಾಗಾಗಿ ಕಾರ್ಕಳದಿಂದ ಬಸ್ಸು ಹತ್ತುವ ಮುಂಚೆ ವೇಳೆ ವಿಚಾರಿಸಿಕೊಂಡು ಹೋಗಿ. ಹೋದವರು ಅಪರೂಪದ್ದನ್ನು ಹುಡುಕುವ ಬದಲು ಒಂದೇ ರೂಪಾಯಿಯನ್ನು ಹಿಡಿದು ಅದರ ಅಂಚು, ಅಕ್ಷರದ ದಪ್ಪ, ದೊರೆಯ ಕತ್ತಿನ ಕೆಳಗಿನ ಸಣ್ಣ ಅಕ್ಷರ ನೋಡಲಿ. 1835ರ ರೂಪಾಯಿಯಲ್ಲಿ ಅಲ್ಲಿ ‘ಆರ್.ಎಸ್.’ ಅಥವಾ ‘ಎಫ್’ ಎಂದಿರುವುದುಂಟು, ಟಂಕಸಾಲೆಯ ಮುಖ್ಯಸ್ಥರ ಹೆಸರಿನ ಮೊದಲಕ್ಷರಗಳವು. ಇಷ್ಟು ಸಣ್ಣದು ಕಣ್ಣಿಗೆ ಬೀಳತೊಡಗಿದರೆ ಅರ್ಧ ಕೆಲಸ ಆದಂತೆ.

ಅಪರೂಪವೆಂದರೆ ಪ್ಯಾಟರ್ನ್ ಅಲ್ಲ ಎಂಬುದಕ್ಕೆ 1911ರ ‘ಹಂದಿ ರೂಪಾಯಿ’ ಒಳ್ಳೆಯ ಉದಾಹರಣೆ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತು, ಜನ ಗುಲ್ಲೆಬ್ಬಿಸಿದರು. ಸುಮಾರು 94 ಲಕ್ಷ ಅಚ್ಚಾಗಿದ್ದರಲ್ಲಿ 7 ಲಕ್ಷದಷ್ಟು ಹೊರಗೆ ಬಂದಿದ್ದವು, ಉಳಿದದ್ದು ಕುಲುಮೆಗೆ ಹೋಯಿತು. 1912ರಿಂದ ಆನೆ ಆನೆಯಂತೆಯೇ ಬಂತು. ಸಂಗ್ರಹಕಾರರಿಗೆ ಇದು ಬಲು ಪ್ರಿಯ, ಆದರೆ ಸರ್ಕಾರ ಚಲಾವಣೆಗೆ ಬಿಟ್ಟ ನಾಣ್ಯವೇ ಹೊರತು ಮಾದರಿಯಲ್ಲ. ಈಚಿನದ್ದೂ ಹಾಗೆಯೇ: ಹತ್ತು ರೂಪಾಯಿ ನಾಣ್ಯದ ಬಗೆಬಗೆಯ ರೂಪ ಕಂಡು ಅಂಗಡಿಯವರು ಬೇಡವೆಂದಾಗ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ಹೇಳಬೇಕಾಯಿತು.

ಪುಸ್ತಕದಲ್ಲಿ ಇಲ್ಲದ್ದನ್ನು ಕೊಳ್ಳಬೇಡಿ

ಎರಡನೇ ಹೆಜ್ಜೆ ಕ್ಯಾಟಲಾಗ್. ಬ್ರಿಟಿಷ್ ಭಾರತದ ಮಾದರಿ, ಪ್ರೂಫ್, ಮರು ಅಚ್ಚುಗಳಿಗೆ ಇವತ್ತಿಗೂ ಎಲ್ಲರೂ ಮೊರೆಹೋಗುವುದು ಫ್ರೆಡ್ ಪ್ರಿಡ್‌ಮೋರ್ ಅವರ ಎರಡು ಸಂಪುಟಗಳಿಗೆ. ಕಂಪನಿ ಪ್ರೆಸಿಡೆನ್ಸಿಗಳ ಸಂಪುಟ 1975ರದ್ದು, ಏಕರೂಪ ನಾಣ್ಯಗಳದ್ದು 1980ರದ್ದು. ಹರಾಜಿನ ಪಟ್ಟಿಯಲ್ಲಿ ಕಾಣುವ ‘ಪ್ರಿಡ್.’ ಎಂಬ ಅಂಕಿ ಅಲ್ಲಿಯದ್ದೇ. ಟಿಪ್ಪುವಿನ ನಾಣ್ಯಗಳಿಗೆ ಹೆಂಡರ್‌ಸನ್ನರ 1921ರ ಪುಸ್ತಕ, ಕರ್ನಾಟಕದ ನಾಣ್ಯಗಳಿಗೆ ಎ.ವಿ. ನರಸಿಂಹಮೂರ್ತಿಯವರದ್ದು ಇವೆ. ಊರಿನ ಚರಿತ್ರೆ ತಿಳಿಯಲು ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಕೈಗೆಟಕುವ ದೂರದಲ್ಲಿದೆ.

ಮಾರುವವರು ‘ಯಾವ ಪುಸ್ತಕದಲ್ಲೂ ಇಲ್ಲ, ಅಷ್ಟು ಅಪರೂಪ’ ಎನ್ನುತ್ತಾರೆ. ಪುಸ್ತಕದಲ್ಲಿ ಇಲ್ಲದಿರುವುದು ಅನುಮಾನಕ್ಕೆ ಮೊದಲ ಕಾರಣ. ಮಾದರಿ ನಾಣ್ಯ ಸರ್ಕಾರಿ ಕಡತದ ಕೂಸು: ಅದಕ್ಕೊಂದು ಪತ್ರವ್ಯವಹಾರ, ಒಂದು ಅಚ್ಚು, ಮ್ಯೂಸಿಯಮ್ಮಿನಲ್ಲಿ ಒಂದು ಜೊತೆ ಸಾಮಾನ್ಯವಾಗಿ ಎಲ್ಲಾದರೂ ಇರುತ್ತದೆ. ಅದರ ಬೆಲೆ ನಿಂತಿರುವುದೂ ಆ ಕಡತದ ಮೇಲೆಯೇ. ಕಡತ ತೆಗೆದುಬಿಟ್ಟರೆ ಉಳಿಯುವುದು ನಾಲ್ಕು ಗ್ರಾಂ ತಾಮ್ರ.

ಅತ್ತೂರು ಸಾಂತ್‌ಮಾರಿಯ ಗೌಜಿಯಲ್ಲೋ ಯಾವುದೋ ತೇರಿನ ಸಂತೆಯಲ್ಲೋ ಒಂದು ಬದಿಗೆ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿಗೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಕಂಪನಿ ಅಂಥದ್ದನ್ನು ಹೊರಡಿಸಲೇ ಇಲ್ಲ, ಪ್ರಯೋಗಕ್ಕೂ ಹೊಡೆಯಲಿಲ್ಲ. ಪೂಜೆಗೆ ಇಟ್ಟುಕೊಳ್ಳುವುದಾದರೆ ಯಾರ ತಕರಾರೂ ಇಲ್ಲ. ಅಕ್ಕಿಯನ್ನು ಸೆಳೆಯುತ್ತದೆ ಎಂಬ ‘ರೈಸ್ ಪುಲ್ಲಿಂಗ್’ ನಾಣ್ಯದ ಕತೆ ಹೇಳಿದವರನ್ನು ಮಾತ್ರ ಸೀದಾ ಠಾಣೆಯ ದಾರಿಗೆ ಹಚ್ಚಿ.

ತಕ್ಕಡಿ, ದಾರ, ನೀರು

ಮೂರನೆಯದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಬೇಕಾದ್ದು ಹತ್ತು ಪಟ್ಟಿನ ಭೂತಗನ್ನಡಿ, ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ.

ಮೊದಲು ತೂಕ. 1835ರಿಂದ ನಮ್ಮ ಬೆಳ್ಳಿ ರೂಪಾಯಿ 11.66 ಗ್ರಾಂ, ಸವೆದದ್ದು ಸ್ವಲ್ಪ ಕಡಿಮೆ ತೂಗೀತು, ಹೆಚ್ಚು ತೂಗಬಾರದು. ಆಮೇಲೆ ಸಾಂದ್ರತೆ. ಲೋಟದಲ್ಲಿ ನೀರಿಟ್ಟು ತಕ್ಕಡಿಯ ಮೇಲಿಡಿ, ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಹಳೆಯ ಒಳ್ಳೆ ಬೆಳ್ಳಿಯ ರೂಪಾಯಿಗೆ ತಕ್ಕಡಿ 1.13ರ ಆಸುಪಾಸು ತೋರಿಸುತ್ತದೆ, ಉತ್ತರ 10.3. ಯುದ್ಧಕಾಲದಲ್ಲಿ ಬೆಳ್ಳಿಯನ್ನು ಅರ್ಧಕ್ಕಿಳಿಸಿದ ರೂಪಾಯಿಗೆ 1.22ರ ಹತ್ತಿರ. ಹಿತ್ತಾಳೆಗೆ ಬೆಳ್ಳಿ ಬಳಿದಿದ್ದರೆ ಅಂಕಿ 1.37ಕ್ಕೆ ಏರುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ದಾರವನ್ನು ಮೆಲ್ಲ ಅಲುಗಿಸಿ ಉದುರಿಸಿ.

ತೇರು ಬೀದಿಯ ಆಭರಣದ ಅಂಗಡಿಗಳಲ್ಲಿರುವ ಕ್ಯಾರೆಟ್ ಮೀಟರ್ ಲೋಹಗಳ ಪ್ರಮಾಣವನ್ನು ನಿಮಿಷದಲ್ಲಿ ಹೇಳುತ್ತದೆ, ನಾಣ್ಯಕ್ಕೆ ಗೀರೂ ಬೀಳುವುದಿಲ್ಲ. ಆದರೆ ಆ ಯಂತ್ರಕ್ಕೆ ಕಾಣುವುದು ಮೇಲ್ಪದರ ಮಾತ್ರ, ಗಿಲೀಟು ಮಾಡಿದ್ದರೆ ಮೋಸಹೋಗುತ್ತದೆ. ನೀರಿನ ತೂಕ ಒಳಗಿನದನ್ನೂ ಹೇಳುತ್ತದೆ. ಎರಡನ್ನೂ ಮಾಡಿಸಿ ತಾಳೆ ನೋಡಿ. ಬೇರೆ ಲೋಹದಲ್ಲಿ ಹೊಡೆದ ಮಾದರಿ ಎಂದು ಹೇಳಿಕೊಂಡು ಬರುವ ನಾಣ್ಯಗಳ ಹಣೆಬರಹ ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಅಯಸ್ಕಾಂತದ ಕೆಲಸವೂ ಸಣ್ಣದಲ್ಲ: 1947ರ ಹುಲಿಯ ರೂಪಾಯಿ ಶುದ್ಧ ನಿಕಲ್, ಅಂಟುತ್ತದೆ, ತಾಮ್ರ ಬೆರೆಸಿದ ಕುಪ್ರೊ ನಿಕಲ್ ಅಂಟುವುದಿಲ್ಲ. ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೀರಿನ ಪರೀಕ್ಷೆಗೆ ಈ ವ್ಯತ್ಯಾಸ ಸಿಗದು.

ಕೊನೆಗೆ ಭೂತಗನ್ನಡಿ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಅಂಚು ಸಾಬೂನಿನಂತೆ ನುಣುಪು, ಮೈಮೇಲೆ ಸೂಜಿಮೊನೆಯ ಗುಳಿಗಳು, ಬದಿಯಲ್ಲಿ ಸುತ್ತಲೂ ಬೆಸುಗೆಯ ಗೆರೆ. ನಿಜವಾದ ಮಾದರಿಯನ್ನು ನಿಧಾನವಾಗಿ, ಒತ್ತಿ ಹೊಡೆದಿರುವುದರಿಂದ ಅಂಚು ಚೌಕವಾಗಿ, ಚೂಪಾಗಿರುತ್ತದೆ. ಇಸವಿಯ ಕೊನೆಯ ಅಂಕಿಯನ್ನು ಓರೆ ಬೆಳಕಿನಲ್ಲಿ ನೋಡದೆ ಬಿಡಬೇಡಿ. 1939ರ ಬೆಳ್ಳಿ ರೂಪಾಯಿ ಅತಿ ವಿರಳ, 1938ರದ್ದು ಬೇಕಾದಷ್ಟಿದೆ. ಎಂಟನ್ನು ಒಂಬತ್ತು ಮಾಡುವ ಕೈಗಳಿಗೆ ಕೊರತೆಯಿಲ್ಲ.

ಬೆಲೆ ಎಲ್ಲಿಂದ ಬರುತ್ತದೆ

ಎಷ್ಟು ಹಳತು ಎಂಬುದಕ್ಕೆ ಇಲ್ಲಿ ಕಿಮ್ಮತ್ತು ಕಡಿಮೆ. ಎಷ್ಟು ಉಳಿದಿವೆ, ಮೂಲವೋ ಮರು ಅಚ್ಚೋ, ಹಿಂದೆ ಯಾರ ಬಳಿ ಇತ್ತು, ಈಗ ಎಷ್ಟು ಜನಕ್ಕೆ ಬೇಕು ಎಂಬುದೇ ಲೆಕ್ಕ. ನಾಲ್ಕೇ ಉಳಿದಿದ್ದರೂ ಬೇಕೆನ್ನುವವರು ಇಬ್ಬರೇ ಆದರೆ ಬೆಲೆ ಏರುವುದಿಲ್ಲ. ಪ್ರಿಡ್‌ಮೋರ್ ಅವರ ಸ್ವಂತ ಸಂಗ್ರಹದಲ್ಲಿ ಇದ್ದದ್ದು ಎಂಬ ದಾಖಲೆಯಿರುವ ನಾಣ್ಯಕ್ಕೂ ಬರೀ ಬಾಯಿಮಾತಿನ ನಾಣ್ಯಕ್ಕೂ ಅಜಗಜಾಂತರ. ಹಳೆಯ ಲಕೋಟೆ, ಹರಾಜಿನ ಚೀಟಿ, ರಶೀದಿ ಎಸೆಯದಿರಿ.

ಆನ್‌ಲೈನಿನಲ್ಲಿ ಕೇಳುವ ಬೆಲೆಯನ್ನು ಬೆಲೆಯೆಂದು ನಂಬಬೇಡಿ. ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ ಎಂದು ಯಾರು ಬೇಕಾದರೂ ಬರೆಯಬಹುದು, ಕೊಟ್ಟವರು ಯಾರು? ನೋಡಬೇಕಾದ್ದು ಬೆಂಗಳೂರು, ಮುಂಬೈ, ಲಂಡನ್ನಿನ ಹರಾಜು ಸಂಸ್ಥೆಗಳು ಪ್ರಕಟಿಸುವ ‘ಮಾರಾಟವಾದ ಬೆಲೆ’. ಒಂದೇ ಮಾದರಿಯ ಮೂರ್ನಾಲ್ಕು ಫಲಿತಾಂಶ ಸಿಕ್ಕಿದರೆ ಅಂದಾಜಿಗೆ ಬರಬಹುದು. ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್, ತೆರಿಗೆ ಬೇರೆ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಮತ್ತು ಲಾಂಛನ ಬಳಸಿ ಮುಂಗಡ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮಾರಾಟಕ್ಕೆ ಮುಂಚೆ ದುಡ್ಡು ಕೇಳಿದವರಿಗೆ ಒಂದು ಪೈಸೆ ಕೊಡಬೇಡಿ.

ಕಾನೂನಿನ ಮಾತು ಎರಡು

ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ದೇಶದೊಳಗೆ ಇಟ್ಟುಕೊಳ್ಳಬಹುದು, ಹೊರಗೆ ಕಳಿಸುವಂತಿಲ್ಲ. ವಿಕ್ಟೋರಿಯಾ ಕಾಲದ ಮಾದರಿಯನ್ನು ಗ್ರೇಡಿಂಗಿಗೆಂದು ಅಮೆರಿಕಕ್ಕೆ ಪಾರ್ಸೆಲ್ ಮಾಡುವ ಯೋಚನೆ ಬೇಡ. ದುಬೈಯ ನೆಂಟರ ಕೈಯಲ್ಲಿ ಲಂಡನ್ ಹರಾಜಿನದ್ದು ತರಿಸುವುದಾದರೆ ಕಸ್ಟಮ್ಸ್ ಕಾಗದ ಜೋಪಾನ. ತೋಟ ಅಗೆಯುವಾಗ ಸಿಕ್ಕ ನಿಧಿ ಸಿಕ್ಕವರದ್ದಾಗುವುದಿಲ್ಲ. 1878ರ ನಿಧಿ ಕಾಯ್ದೆಯ ಕಾಲದಿಂದಲೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ.

ಹೊರದೇಶದ ಮಾದರಿಗಳಲ್ಲಿ ಒಡೆತನದ ತಕರಾರೂ ಬರುತ್ತದೆ. ತಾಮ್ರ ದುಬಾರಿಯಾದಾಗ ಅಮೆರಿಕದ ಟಂಕಸಾಲೆ 1974ರ ಇಸವಿ ಹಾಕಿ ಅಲ್ಯೂಮಿನಿಯಂ ಸೆಂಟ್ ಅಚ್ಚು ಹಾಕಿ, ಆಮೇಲೆ ಕೈಬಿಟ್ಟಿತು. ಡೆನ್ವರ್‌ನಲ್ಲಿ ಹೊಡೆದ ಒಂದು ಸೆಂಟ್ 2014ರಲ್ಲಿ ಹರಾಜಿಗೆ ಬರುವ ಹೊತ್ತಿಗೆ ಸರ್ಕಾರ ತನ್ನದೆಂದು ತಡೆಯಿತು, 2016ರಲ್ಲಿ ವಾಪಸು ಪಡೆಯಿತು.

ಮಳೆಗಾಲದ ಆರೈಕೆ

ಕೊಂಡಮೇಲೆ ನಾಣ್ಯ ಹಾಳಾಗುವುದು ನಮ್ಮಿಂದಲೇ. ಹುಳಿ, ಬೂದಿ, ಸಬೀನ ಹಾಕಿ ದೀಪದಂತೆ ತಿಕ್ಕಿದ ನಾಣ್ಯದ ಮೂಲ ಮೈ ಮತ್ತೆ ಬಾರದು, ಬೆಲೆಯೂ ಅದರ ಜೊತೆಗೇ ಹೋಗುತ್ತದೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ಪವನಿನದ್ದೂ ಇದೇ ಕತೆ: 1918ರಲ್ಲಿ ಬೊಂಬಾಯಿಯಲ್ಲಿ ಹೊಡೆದ ಹದಿನೈದು ರೂಪಾಯಿಯ ಚಿನ್ನದ ನಾಣ್ಯಕ್ಕೂ ಕೊಂಡಿ ಬಿದ್ದಿದ್ದರೆ ಸಿಗುವುದು ಹೆಚ್ಚುಕಡಿಮೆ ಚಿನ್ನದ ತೂಕದ ದುಡ್ಡು. ಅಂಚಿನಲ್ಲಿ ಹಿಡಿಯಿರಿ, ಮುಖಕ್ಕೆ ಬೆರಳು ತಾಗಿಸಬೇಡಿ. ಮೆತ್ತಗಿನ ಪಿವಿಸಿ ಹಾಳೆಗಳ ಆಲ್ಬಂ ಕರಾವಳಿಯ ಸೆಕೆಗೆ ಹಸಿರು ಅಂಟು ಬಿಡುತ್ತದೆ. ಮೈಲಾರ್ ಲಕೋಟೆ ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ತನ್ನಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ನೀಲಿ ಹರಳು ಗುಲಾಬಿಯಾದಾಗ ಬದಲಿಸಿ. ಆಟಿ ತಿಂಗಳಲ್ಲಿ ಆಗಾಗ ತೆರೆದು ನೋಡುತ್ತಿರಿ.