ನವನಗರದ ಆಸುಪಾಸು: ದುಡಿಮೆ ಮತ್ತು ಪರಂಪರೆ

ಹುಬ್ಬಳ್ಳಿ–ಧಾರವಾಡದ ನಡುವಿನ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ (2009). ಪಕ್ಕದ ಅಮರಗೋಳದ ಎಪಿಎಂಸಿ ಹಮಾಲರು, ದಲಾಲರು, ಲಾರಿ ಚಾಲಕರಿಗೆ ಅನ್ನದ ದಾರಿ.

ಕಟ್ಟಡ ಪರಂಪರೆಯಲ್ಲಿ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ ಮುಖ್ಯ. ಕಲ್ಯಾಣ ಚಾಲುಕ್ಯರ ಕಾಲದ್ದು. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ಚತುರ್ಮುಖ ಲಿಂಗ. ಸುತ್ತ ಮನೆಗಳು ಒತ್ತಿಕೊಂಡಿರುವುದರಿಂದ ಇದಕ್ಕೆ ಸಲ್ಲಬೇಕಾದಷ್ಟು ಪ್ರವಾಸಿಗರು ಬರುವುದಿಲ್ಲ.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನಂತೂ (1957) ಮರೆಯುವಂತಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆಯ ಖಾದಿ ರಾಷ್ಟ್ರಧ್ವಜ ಇಲ್ಲಿ ತಯಾರಾಗುತ್ತದೆ. ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರನಿರ್ಮಿತ ಧ್ವಜಗಳಿಗೂ ಒಪ್ಪಿಗೆ ಸಿಕ್ಕಿತು. ಕೈಮಗ್ಗದ ಕೂಲಿಗೆ ಇದು ನೇರ ಪೆಟ್ಟು.