ಕೋಡ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ತುಮಕೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ., ಆರನೇ ಸೆಮಿಸ್ಟರ್. ಮೊದಲ ವರ್ಷ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಅಳುತ್ತಿದ್ದೆ. ರೂಮ್‌ಮೇಟ್ ಚಾಟ್‌ಜಿಪಿಟಿ ತೋರಿಸಿಕೊಟ್ಟಳು. ಅದನ್ನು ಕನ್ನಡದಲ್ಲೇ ಕೇಳಿ ಪಾಠ ತಿಳಿದುಕೊಂಡೆ. ಬರಬರುತ್ತಾ ಅಸೈನ್‌ಮೆಂಟ್, ಲ್ಯಾಬ್ ಪ್ರೋಗ್ರಾಂ, ಮಿನಿ ಪ್ರಾಜೆಕ್ಟ್ ಎಲ್ಲವನ್ನೂ ಅದರಿಂದಲೇ ಬರೆಸಿದೆ. ಅಂಕ ಚೆನ್ನಾಗಿವೆ, ಬ್ಯಾಕ್‌ಲಾಗ್ ಒಂದೂ ಇಲ್ಲ. ಹೋದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಹಾಳೆ ಕೊಟ್ಟು, ಲಿಂಕ್ಡ್ ಲಿಸ್ಟ್ ತಿರುಗಿಸುವ ಪ್ರೋಗ್ರಾಂ ಬರೆಯಿರಿ ಎಂದರು. ಕೈ ಓಡಲೇ ಇಲ್ಲ. ಕೋಡ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ. ಫ್ರೆಷರ್‌ಗಳ ಕೆಲಸವನ್ನೆಲ್ಲ ಎ.ಐ. ಮಾಡುತ್ತಿದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಅಪ್ಪ ತೆಂಗಿನ ತೋಟದವರು, ನನಗಾಗಿ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿದ್ದಾರೆ. ಸಾಫ್ಟ್‌ವೇರ್ ಆಸೆ ಬಿಟ್ಟು ಧಾರವಾಡಕ್ಕೆ ಹೋಗಿ ಎಫ್‌ಡಿಎ, ಕೆಎಎಸ್‌ಗೆ ಓದಲೇ? ಮನೆಯಲ್ಲಿ ಹೇಳಲು ಧೈರ್ಯವಿಲ್ಲ.
– ಹೆಸರು ಬೇಡ

ಉತ್ತರ: ಇಂಗ್ಲಿಷ್ ಪಾಠ ಹತ್ತದ ಹುಡುಗಿ ಹಾಸ್ಟೆಲಿನಲ್ಲಿ ಕೂತು, ಕನ್ನಡದಲ್ಲಿ ಪ್ರಶ್ನೆ ಕೇಳಿ ಸಿ ಪ್ರೋಗ್ರಾಮಿಂಗ್ ಅರ್ಥ ಮಾಡಿಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ಅರ್ಥವಾಗಲಿಲ್ಲ ಎಂದು ಹೇಳಲೂ ಸಂಕೋಚಪಟ್ಟು ಹಿಂದಿನ ಬೆಂಚಿನಲ್ಲೇ ಎರಡು ಸೆಮಿಸ್ಟರ್ ಕಳೆಯುತ್ತಾರೆ. ಹತ್ತು ಸಲ ಕೇಳಿದರೂ ಗದರದೆ ಹೇಳಿಕೊಡುವವರು ನಿಮಗೆ ಸಿಕ್ಕರು. ಆ ಬಳಕೆಗೆ ನಾಚಿಕೊಳ್ಳಬೇಡಿ. ವಿವರಣೆ ಕೇಳುವುದನ್ನು ಬಿಟ್ಟು ಉತ್ತರವನ್ನೇ ಬರೆಸಿಕೊಳ್ಳತೊಡಗಿದಿರಲ್ಲ, ಎಡವಿದ್ದು ಅಲ್ಲಿ.

ಈ ಎರಡು ಬಳಕೆಗಳ ನಡುವಿನ ಅಂತರವನ್ನು ಅಳೆದು ನೋಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ಮಕ್ಕಳ ಗಣಿತ ಕಲಿಕೆಯನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎ.ಐ., ಇನ್ನೊಂದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಹೊಂದಿಸಿದ ಎ.ಐ., ಮೂರನೆಯದಕ್ಕೆ ಬರೀ ಪುಸ್ತಕ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನ ಅಂಕ ಪುಸ್ತಕದ ಗುಂಪಿಗಿಂತ ಶೇ 48ರಷ್ಟು ಏರಿತು. ಆಮೇಲೆ ಎ.ಐ. ಕಿತ್ತುಕೊಂಡು ಪರೀಕ್ಷೆ ಇಟ್ಟಾಗ ಅದೇ ಮಕ್ಕಳು ಪುಸ್ತಕದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಆ ಪೆಟ್ಟು ಹೆಚ್ಚುಕಡಿಮೆ ಬೀಳಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ: ತಾವು ಕಡಿಮೆ ಕಲಿತಿದ್ದೇವೆ ಎಂಬ ಅರಿವೇ ಮೊದಲ ಗುಂಪಿಗೆ ಇರಲಿಲ್ಲ.

ಈ ಭ್ರಮೆ ಮಕ್ಕಳಿಗೆ ಮಾತ್ರ ಬರುವುದಲ್ಲ. 2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಪ್ರೋಗ್ರಾಮರ್‌ಗಳಿಗೆ ಅವರವರ ಪರಿಚಿತ ಪ್ರಾಜೆಕ್ಟುಗಳಲ್ಲೇ ಕೆಲಸ ಕೊಟ್ಟು ನೋಡಿತು. ಎ.ಐ. ಬಳಸಿದಾಗ ಕೆಲಸಕ್ಕೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅವರು ಮಾತ್ರ ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು. ವರ್ಷಗಟ್ಟಲೆ ಪಳಗಿದವರಿಗೇ ಹೀಗಾದರೆ, ಅಂಕಗಳನ್ನು ನೋಡಿ ನೀವು ಮೋಸಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಸಂದರ್ಶನದಲ್ಲಿ ಗೊತ್ತಾಗಿದ್ದು ನಿಮ್ಮ ಬುದ್ಧಿ ಸಾಲದು ಎಂದಲ್ಲ, ನಿಮ್ಮ ಕೈಗೆ ಅಭ್ಯಾಸವೇ ಸಿಕ್ಕಿಲ್ಲ ಎಂದು. ಅದೂ ಓದು ಮುಗಿಯಲು ಇನ್ನೊಂದು ವರ್ಷ ಇರುವಾಗಲೇ ಗೊತ್ತಾಯಿತು. ಇದು ಸರಿಪಡಿಸಬಹುದಾದ ಕೊರತೆ.

ನಿಮ್ಮ ಸೀನಿಯರ್‌ಗಳ ಮಾತನ್ನೂ ತಳ್ಳಿಹಾಕುವುದಿಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2025ರಲ್ಲಿ ಅಮೆರಿಕದ ಸಂಬಳದ ಲೆಕ್ಕಗಳನ್ನು ಜಾಲಾಡಿದರು. ಸಾಫ್ಟ್‌ವೇರ್, ಗ್ರಾಹಕ ಸೇವೆಯಂಥ ಎ.ಐ. ಹೆಚ್ಚು ಕೈಹಾಕಿರುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, 2022ರ ಕೊನೆಯಿಂದೀಚೆಗೆ, ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಇಳಿದಿತ್ತು. ಅದೇ ಕೆಲಸಗಳಲ್ಲಿದ್ದ ಅನುಭವಿಗಳಿಗೆ ಅಂಥ ಹೊಡೆತ ಬಿದ್ದಿರಲಿಲ್ಲ. ಬಡ್ಡಿದರ ಏರಿದ್ದು, ಕೋವಿಡ್ ಕಾಲದಲ್ಲಿ ಕಂಪನಿಗಳು ಮಿತಿಮೀರಿ ಜನರನ್ನು ಸೇರಿಸಿಕೊಂಡಿದ್ದು ಕೂಡ ಕಾರಣ ಎನ್ನುವವರಿದ್ದಾರೆ. ನಮ್ಮಲ್ಲಿ ಟಿಸಿಎಸ್ 2025ರ ಜುಲೈನಲ್ಲಿ ಸುಮಾರು 12 ಸಾವಿರ ಜನರನ್ನು ಕೈಬಿಡುವುದಾಗಿ ಹೇಳಿದಾಗ ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು. ಹಾಗಾಗಿ ಎಲ್ಲ ಬಿರುಗಾಳಿಯೂ ಫ್ರೆಷರ್‌ಗಳ ಮೇಲೆಯೇ ಬೀಸುತ್ತಿಲ್ಲ. ಆದರೂ ಮೊದಲ ಮೆಟ್ಟಿಲು ಕಿರಿದಾಗಿರುವುದು ನಿಜ. ಸ್ಟ್ಯಾನ್‌ಫೋರ್ಡಿನವರು ಕೊಡುವ ವಿವರಣೆ ನಿಮಗೆ ಮುಖ್ಯವಾದದ್ದು: ಪುಸ್ತಕದಲ್ಲಿ ಬರೆದಿಡಬಹುದಾದ ವಿದ್ಯೆಯನ್ನು ಯಂತ್ರ ಬೇಗ ಹೀರಿಕೊಳ್ಳುತ್ತದೆ, ಕೆಲಸ ಮಾಡುತ್ತಾ ಮೈಗೂಡುವ ತಿಳಿವು ಅದಕ್ಕೆ ಸುಲಭವಾಗಿ ಸಿಗುವುದಿಲ್ಲ.

ಆ ತಿಳಿವು ಹೇಗೆ ಬರುತ್ತದೆ ಎಂಬುದಕ್ಕೆ ಸಂದರ್ಶನದಲ್ಲಿ ನಿಮ್ಮ ಕೈ ಕಟ್ಟಿಹಾಕಿದ ಆ ಲಿಂಕ್ಡ್ ಲಿಸ್ಟನ್ನೇ ನೋಡಿ. ಹಾಳೆಯ ಮೇಲೆ ನಾಲ್ಕು ಚೌಕ, ಅವನ್ನು ಜೋಡಿಸುವ ಬಾಣಗಳನ್ನು ಬರೆಯಿರಿ. ಮುಂದಿನ ಚೌಕದ ವಿಳಾಸವನ್ನು ಎತ್ತಿಟ್ಟುಕೊಳ್ಳದೆ ಮೊದಲ ಬಾಣ ತಿರುಗಿಸಿದರೆ ಉಳಿದ ಚೌಕಗಳೆಲ್ಲ ಕೈತಪ್ಪಿ ಹೋಗುತ್ತವೆ. ಒಮ್ಮೆ ಹೀಗೆ ಕಳೆದುಕೊಂಡು, ಎಲ್ಲಿ ಕಳೆಯಿತು ಎಂದು ಹುಡುಕಿದವರ ಕೈ ಮುಂದೆ ಆ ಸಾಲನ್ನು ಮರೆಯುವುದಿಲ್ಲ. ಯಂತ್ರ ನಿಮಗೆ ಸರಿಯಾದ ಸಾಲನ್ನು ಮೊದಲೇ ಕೊಟ್ಟುಬಿಟ್ಟಿತು, ಕಳೆದುಕೊಳ್ಳುವ ಅವಕಾಶವೇ ಬರಲಿಲ್ಲ.

ಹಾಗಾದರೆ ಈಗ ಮಾಡಬೇಕಾದ್ದು ಇದು. ಈ ರಜೆಯಲ್ಲಿ ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ರೆಕಾರ್ಡ್ ತೆಗೆದು ಒಂದೊಂದೇ ಪ್ರೋಗ್ರಾಂ ಮೊದಲಿನಿಂದ ಬರೆಯಿರಿ, ಮೊದಲು ಹಾಳೆಯಲ್ಲಿ, ಆಮೇಲೆ ಕಂಪ್ಯೂಟರ್‌ನಲ್ಲಿ. ಎರರ್ ಬಂದರೆ ಕನಿಷ್ಠ ಅರ್ಧ ಗಂಟೆ ನೀವೇ ಒದ್ದಾಡಿ. ಆಮೇಲೂ ದಾರಿ ಕಾಣದಿದ್ದರೆ ಚಾಟ್‌ಜಿಪಿಟಿಗೆ ಮೊದಲ ವರ್ಷ ಕೇಳುತ್ತಿದ್ದ ಹಾಗೆ ಕನ್ನಡದಲ್ಲಿ ಕೇಳಿ: "ಕೋಡ್ ಕೊಡಬೇಡ, ನಾನು ಎಲ್ಲಿ ತಪ್ಪಿದ್ದೇನೆ ಎಂಬುದಕ್ಕೆ ಒಂದು ಸುಳಿವು ಕೊಡು." ಬರೆದು ಮುಗಿದ ಮೇಲೆ ರೂಮ್‌ಮೇಟ್‌ಗೆ ಸಾಲು ಸಾಲಾಗಿ ವಿವರಿಸಿ, ಆಕೆ ವೈವಾ ತೆಗೆದುಕೊಳ್ಳುವವರಂತೆ ಅಡ್ಡಪ್ರಶ್ನೆ ಹಾಕಲಿ. ವಿಷಯ ಮತ್ತೆ ಕೇಳಬೇಕೆನಿಸಿದರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿವೆ. ಸಾವಿರಾರು ರೂಪಾಯಿ ಸುಲಿಯುವ ಎ.ಐ. ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ದಯವಿಟ್ಟು ಹಣ ಸುರಿಯಬೇಡಿ.

ಏಳನೇ ಸೆಮಿಸ್ಟರ್‌ನ ಪ್ರಾಜೆಕ್ಟಿಗೆ ಊರಿನ ಕೆಲಸವೊಂದನ್ನೇ ಹಿಡಿಯಿರಿ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಕಳಿಸುವವರ ಲೆಕ್ಕ ನಿಮಗೆ ಮನೆಯಲ್ಲೇ ಕಾಣುತ್ತದೆ: ತೂಕ, ಆ ದಿನದ ದರ, ಹಮಾಲಿ, ಸಾಗಣೆ, ಕೊನೆಗೆ ಕೈಗೆ ಬಂದದ್ದು. ಅಪ್ಪನೂ ಅಕ್ಕಪಕ್ಕದ ನಾಲ್ಕು ಮನೆಯವರೂ ಫೋನಿನಲ್ಲಿ ಬಳಸುವಂಥ ಒಂದು ಪುಟ್ಟ ಪ್ರೋಗ್ರಾಂ ಮಾಡಿಕೊಡಿ. ಇಲ್ಲಿ ಎ.ಐ. ನೆರವು ಪಡೆಯಿರಿ, ಆದರೆ ಅರ್ಥವಾಗದ ಒಂದು ಸಾಲನ್ನೂ ಒಳಗೆ ಬಿಟ್ಟುಕೊಳ್ಳಬೇಡಿ. ಒಬ್ಬರು ಮುಂಗಡ ತೆಗೆದುಕೊಂಡಿರುತ್ತಾರೆ, ಇನ್ನೊಬ್ಬರು ಇಬ್ಬರ ಸರಕನ್ನು ಒಟ್ಟಿಗೆ ತೂಗಿಸಿರುತ್ತಾರೆ, ಮತ್ತೊಬ್ಬರಿಗೆ ಅಕ್ಷರ ಚಿಕ್ಕದಾಯಿತು. ಇವನ್ನೆಲ್ಲ ಕೇಳಿಸಿಕೊಂಡು ತಿದ್ದಿದವರು ಸಂದರ್ಶನದಲ್ಲಿ ತಡವರಿಸುವುದಿಲ್ಲ, ಹೇಳಲು ಅವರ ಬಳಿ ತಮ್ಮದೇ ಸಂಗತಿ ಇರುತ್ತದೆ.

ಧಾರವಾಡದ ಬಗ್ಗೆ. ಸರ್ಕಾರಿ ಕೆಲಸದಲ್ಲಿ ನಿಮಗೆ ನಿಜವಾದ ಒಲವಿದ್ದರೆ ಹೋಗಿ, ನಾನೇ ಬೆನ್ನು ತಟ್ಟುತ್ತೇನೆ. ಆದರೆ ಪತ್ರದಲ್ಲಿ ಒಲವು ಕಾಣಲಿಲ್ಲ, ಭಯ ಕಂಡಿತು. ಆ ಪರೀಕ್ಷೆಗಳಿಗೂ ಪದವಿ ಬೇಕು. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಸ್ವಂತ ಯೋಚನೆಯಿಂದ ಕೈಯಲ್ಲೇ ಉತ್ತರ ಬರೆಯಬೇಕು. ಸಂದರ್ಶನದ ಹಾಳೆಯೆದುರು ನಿಮಗಾದ ತೊಂದರೆ ಅಲ್ಲಿಗೂ ಬರುತ್ತದೆ. ಸ್ವಂತವಾಗಿ ಬರೆಯುವ ಅಭ್ಯಾಸವನ್ನು ಮೊದಲು ಸರಿಮಾಡಿಕೊಳ್ಳಿ, ಪದವಿ ಕೈಗೆ ಬಂದ ಮೇಲೆ ನಿರ್ಧರಿಸಿ. ಕ್ಯಾಂಪಸ್‌ನಲ್ಲಿ ಕೆಲಸ ಸಿಗದಿದ್ದರೆ ನೇರ ಮನೆಗೆ ಬರಬೇಕೆಂದೇನೂ ಇಲ್ಲ. ಎಂಜಿನಿಯರಿಂಗ್ ಮುಗಿಸಿದವರಿಗೆ ಕೇಂದ್ರ ಸರ್ಕಾರದ ಎನ್‌ಎಟಿಎಸ್ ಯೋಜನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಇದೆ, ಶಿಷ್ಯವೇತನವೂ ಇದೆ. ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳು ಪದವೀಧರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಕಿರಿದಾದ ಮೊದಲ ಮೆಟ್ಟಿಲಿಗೆ ಇದು ಇನ್ನೊಂದು ಬಾಗಿಲು.

ಇನ್ನು ಸಾಲ. ಶಿಕ್ಷಣ ಸಾಲದ ಮಾದರಿ ಯೋಜನೆಯಂತೆ ಕೋರ್ಸ್ ಮುಗಿದ ಮೇಲೂ ಸಾಮಾನ್ಯವಾಗಿ ಒಂದು ವರ್ಷ ಕಂತು ಶುರುವಾಗುವುದಿಲ್ಲ, ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಏನಿದೆ ನೋಡಿ. ಮುಂದಿನ ಸಲ ಊರಿಗೆ ಹೋದಾಗ ಸಂದರ್ಶನದಲ್ಲಿ ಆದದ್ದನ್ನು ಅಪ್ಪನಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮಳೆ, ರೋಗ, ದರ ಎಲ್ಲವನ್ನೂ ಕಂಡ ತೋಟದವರಿಗೆ ಒಂದು ಸೋಲು ಕೇಳಿಸಿಕೊಳ್ಳುವ ಶಕ್ತಿ ಇರುತ್ತದೆ. ಆಮೇಲೆ ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ, ಕಂತು ಯಾವ ತಿಂಗಳು ಶುರು, ಎಷ್ಟು ಎಂದು ಬರೆಸಿಕೊಂಡು ಬನ್ನಿ.